ಗೋದಾಮಿನ ಬಾಗಿಲಲ್ಲಿ ನಿಂತ ಹವಾಲ್ದಾರ

ಗುಬ್ಬಿ ತಾಲೂಕಿನ ಸಿ.ಎಸ್. ಪುರದ ಸುತ್ತಿನ ಹಳ್ಳಿಗಳಲ್ಲಿ ಮಿಲ್ಟ್ರಿಯಲ್ಲಿರುವವನೊಬ್ಬ ಬೆಳಗಿನ ಬಸ್ಸಿಳಿದು ಬಂದರೆ ಎದುರಾದವರೆಲ್ಲ ಕೇಳುವುದು ಒಂದೇ ಮಾತು: "ಏನ್ ಭಾವ, ಎಷ್ಟು ದಿನ ರಜ?" ವರ್ಷಗಟ್ಟಲೆ ಆ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಒಂದು ತಿಂಗಳು, ಇಪ್ಪತ್ತು ದಿನ, ಹಬ್ಬ ಮುಗಿಯುವ ತನಕ. ಕೊನೆಗೊಂದು ಬೆಳಗ್ಗೆ ಅವನು, "ಈ ಸಲ ರಜ ಅಲ್ಲ ಕಣಪ್ಪ, ಬಂದ್ಬಿಟ್ಟೆ" ಎನ್ನುತ್ತಾನೆ. ಕೇಳಿದವನು ಕ್ಷಣ ತಡೆದು, "ಒಳ್ಳೇದಾಯ್ತು ಬಿಡಿ, ಪಿಂಚಣಿ ಬರ್ತದಲ್ಲ" ಎಂದು ಹೇಳಿ ಹಾಲಿನ ಕ್ಯಾನು ಎತ್ತಿಕೊಂಡು ಡೇರಿ ಕಡೆ ನಡೆಯುತ್ತಾನೆ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಬಂದವನಿಗೆ ನಾವು ಕೇಳಬೇಕಾದ ಮುಖ್ಯವಾದ ಮಾತೊಂದು ಅಲ್ಲಿಗೇ ನಿಂತುಹೋಗುತ್ತದೆ.

ಅವನ ವಯಸ್ಸು ನೋಡಿ. ಹದಿನೆಂಟು ಹತ್ತೊಂಬತ್ತಕ್ಕೆ ಭರ್ತಿಯಾದವನು ಸಿಪಾಯಿಯಾಗಿಯೇ ಉಳಿದರೆ 17 ವರ್ಷದ ಆಸುಪಾಸಿನಲ್ಲಿ, ಹವಾಲ್ದಾರನಾದರೆ 24 ವರ್ಷದ ಆಸುಪಾಸಿನಲ್ಲಿ ಹೊರಗೆ ಬರುತ್ತಾನೆ. ಅಂದರೆ ಮೂವತ್ತೈದರಿಂದ ನಲವತ್ತಮೂರರೊಳಗೆ. ಅವನ ಜೊತೆ ಎಸ್‌ಎಸ್‌ಎಲ್‌ಸಿ ಓದಿ ಸರ್ಕಾರಿ ಕಚೇರಿ ಸೇರಿದವನಿಗೆ 60ರ ತನಕ ಕುರ್ಚಿ ಇದೆ. ತೋಟ ನೋಡಿಕೊಂಡವನಿಗಂತೂ ಈಗ ತಾನೇ ಯಜಮಾನಿಕೆ ಕೈಗೆ ಬಂದಿರುತ್ತದೆ. ಮೈಯಲ್ಲಿ ಕಸುವು ತುಂಬಿರುವಾಗ, ಮಕ್ಕಳಿನ್ನೂ ಹೈಸ್ಕೂಲಿನಲ್ಲಿರುವಾಗ ನಿವೃತ್ತನೆನಿಸಿಕೊಳ್ಳುವವನು ಸೈನಿಕ. ಸೈನ್ಯಕ್ಕೆ ಹರೆಯದವರೇ ಬೇಕು, ಅದು ಸರಿ. ಹಾಗಾಗಿ ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ಸಮವಸ್ತ್ರ ಕಳಚಿ ಮನೆಗೆ ಬರುತ್ತಾರೆ. ಅವರಲ್ಲಿ ಕೆಲವರು ನಮ್ಮ ಗುಬ್ಬಿಗೆ, ಕುಣಿಗಲ್ಲಿಗೆ, ತುರುವೇಕೆರೆಗೆ ಬಂದು ಇಳಿಯುತ್ತಾರೆ.

ನಾನು ಮೇಷ್ಟ್ರಾಗಿದ್ದವನು. ಪಾಠ ಹೇಳಿಸಿಕೊಂಡ ಹುಡುಗರಲ್ಲಿ ಕೆಲವರು ಸೈನ್ಯ ಸೇರಿದರು. ಅವರು ಊರಿಗೆ ಮರಳಿದ ಮೊದಲ ತಿಂಗಳುಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಾಲ್ಕೂವರೆಗೆ ಎಚ್ಚರವಾಗುತ್ತದೆ. ಹಾಸಿಗೆ ಮಡಿಸಿ, ಮುಖಕ್ಷೌರ ಮಾಡಿ, ಬೂಟು ಒರೆಸಿ ಮುಗಿದಾಗ ಇನ್ನೂ ಐದೂಕಾಲು. ಮುಂದಿನ ಆಜ್ಞೆ ಯಾರೂ ಕೊಡುವುದಿಲ್ಲ. ಇಪ್ಪತ್ತು ವರ್ಷ ಪ್ರತಿ ಗಂಟೆಗೂ ಒಂದು ಕೆಲಸ, ಪ್ರತಿ ಕೆಲಸಕ್ಕೂ ಹೇಳುವವನೊಬ್ಬ, ಕೇಳುವವನೊಬ್ಬ ಇದ್ದ ಬಾಳು ಅದು. ಈಗ ಇಡೀ ದಿನ ಮುಂದೆ ಬಿದ್ದಿದೆ, ಅದನ್ನು ತುಂಬುವ ಹೊಣೆ ತನ್ನೊಬ್ಬನದೇ.

ಮನೆಯೊಳಗೂ ಕಷ್ಟವಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನಿಲ್ಲದ ಅಷ್ಟೂ ವರ್ಷ ಮನೆ ನಡೆಸಿದವಳು ಹೆಂಡತಿ. ಬ್ಯಾಂಕಿನ ಸಾಲದ ಕಂತು, ಮಗಳ ಹಾಸ್ಟೆಲ್ಲು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ತೆಂಗಿನಕಾಯಿ ಕೀಳುವವನಿಗೆ ಯಾವಾಗ ಹೇಳಬೇಕು, ನಾಲೆಯಲ್ಲಿ ನೀರು ಎಂದು ಬಿಡುತ್ತಾರೆ, ಇವೆಲ್ಲ ಅವಳಿಗೆ ಗೊತ್ತು. ಅವನು ಬಂದವನೇ ಎಲ್ಲವನ್ನೂ ‘ಸರಿ’ ಮಾಡಲು ಹೊರಡುತ್ತಾನೆ. ಪಾತ್ರೆ ಹೀಗಿಡಬೇಕು, ಮಕ್ಕಳು ಹೀಗೆ ಎದ್ದೇಳಬೇಕು. ಒಂದು ವಾರ ಮನೆ ಸುಮ್ಮನಿರುತ್ತದೆ, ಎರಡನೇ ವಾರ ಮಾತು ಬೆಳೆಯುತ್ತದೆ. ಹೊರಗಿನ ಕೆಲಸ ಹುಡುಕುವ ಅವಸರಕ್ಕೆ ಸಂಬಳವೊಂದೇ ಕಾರಣವಲ್ಲ. ತಾನಿಲ್ಲದೆಯೂ ಚೆನ್ನಾಗಿ ನಡೆಯುತ್ತಿದ್ದ ಮನೆಯಲ್ಲಿ ತನ್ನ ಜಾಗ ಯಾವುದೆಂದು ತಿಳಿಯದ ಸಂಕಟವೂ ಅದರೊಳಗಿದೆ. ಆ ಹೆಣ್ಣುಮಕ್ಕಳ ವರ್ಷಗಳನ್ನು ನಾನು ಸೇವೆಯೆಂದೇ ಎಣಿಸುತ್ತೇನೆ. ಅವರಿಗೆ ಪದಕವಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ರಕ್ಷಣಾ ಸಚಿವಾಲಯದ ಕೆಳಗೆ ಪುನರ್ವಸತಿ ಮಹಾನಿರ್ದೇಶನಾಲಯವಿದೆ, ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಕೇಂದ್ರ ಸರ್ಕಾರದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 10, ‘ಡಿ’ ದರ್ಜೆಗೆಂದು 20 ಎಂಬ ಮೀಸಲಾತಿ ಇದೆ. ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿ, ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಅದು 14.5 ಮತ್ತು 24.5. ಹತ್ತನೇ ತರಗತಿ ಓದಿ 15 ವರ್ಷ ಸೇವೆ ಮಾಡಿದವನನ್ನು ಪದವಿ ಕೇಳುವ ಕೆಲವು ‘ಸಿ’ ದರ್ಜೆಯ ಹುದ್ದೆಗಳಿಗೆ ಅರ್ಹನೆಂದೇ ಎಣಿಸುತ್ತಾರೆ. ವಯಸ್ಸಿನಲ್ಲೂ ಸಡಿಲಿಕೆ ಇದೆ. ಇದನ್ನೆಲ್ಲ ತಿಳಿದುಕೊಂಡು ಸೇವೆಯ ಕೊನೆಯ ಎರಡು ವರ್ಷದಲ್ಲೇ ಪರೀಕ್ಷೆಗೆ ಕೂತವರು ಬ್ಯಾಂಕು, ರೈಲ್ವೆ, ಅಂಚೆ ಸೇರಿದ್ದಾರೆ. ಆದರೆ ಗಡಿಯ ಚೌಕಿಯಲ್ಲಿದ್ದವನಿಗೆ ಪರೀಕ್ಷೆಯ ಪುಸ್ತಕ ಎಲ್ಲಿಂದ ಬರಬೇಕು? ಇನ್ನೊಂದು ತೊಡಕೂ ಇದೆ. ಇಪ್ಪತ್ತು ವರ್ಷ ಹಿಂದಿಯಲ್ಲೇ ಮಾತಾಡಿದವನ ಕೈಗೆ ಕನ್ನಡ ಬರವಣಿಗೆ ತಪ್ಪಿಹೋಗಿರುತ್ತದೆ. ನನ್ನ ಶಿಷ್ಯನೊಬ್ಬ ನಾಡಕಚೇರಿಯಲ್ಲಿ ಅರ್ಜಿ ಬರೆಯಲು ಕೂತು ಒತ್ತಕ್ಷರಗಳಿಗೆ ತಡವರಿಸಿದ. ನಾನು ಪಕ್ಕದಲ್ಲೇ ಇದ್ದೆ. ಅವನ ಕಣ್ಣು ನನ್ನ ಕಡೆ ತಿರುಗಲಿಲ್ಲ.

ಹೀಗಾಗಿ ಬಹಳ ಮಂದಿಗೆ ಕೊನೆಗೆ ಸಿಗುವುದು ಕಾವಲು. ಬ್ಯಾಂಕಿನ ಬಾಗಿಲು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟು, ವಸಂತನರಸಾಪುರದ ಕಾರ್ಖಾನೆಗಳ ಮುಂದಿನ ಚೌಕಿ. ಲೈಸೆನ್ಸಿನ ಬಂದೂಕಿದ್ದರೆ ಸಂಬಳ ಸ್ವಲ್ಪ ಹೆಚ್ಚು. ಕಾವಲನ್ನು ಕೀಳು ಕೆಲಸವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ರಾತ್ರಿ ಎಚ್ಚರವಿರುವವನಿಂದಲೇ ಉಳಿದವರಿಗೆ ನಿದ್ದೆ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಸೈನಿಕನೆಂದರೆ ಬಂದೂಕು ಹಿಡಿದವನು ಎಂದಷ್ಟೇ ನಮಗೆ ಗೊತ್ತು. ಸೈನ್ಯವೆಂಬುದು ಒಂದು ಇಡೀ ಊರು, ಅಲ್ಲಿ ಅಡುಗೆಯವರು, ಲೆಕ್ಕದವರು, ಮೆಕ್ಯಾನಿಕ್ಕುಗಳು, ಕಾಂಪೌಂಡರುಗಳು, ಸೇತುವೆ ಕಟ್ಟುವವರು, ವೈರ್‌ಲೆಸ್ಸು ನಡೆಸುವವರು ಇದ್ದಾರೆ ಎಂಬುದನ್ನು ನಾವು ಯೋಚಿಸಿಯೇ ಇಲ್ಲ.

ನಾನು ಹೇಳಬೇಕೆಂದಿರುವ ಹವಾಲ್ದಾರ ಇದ್ದದ್ದು ಆರ್ಮಿ ಸರ್ವಿಸ್ ಕೋರಿನಲ್ಲಿ. ಸೈನ್ಯಕ್ಕೆ ಅನ್ನ, ಎಣ್ಣೆ ಮುಟ್ಟಿಸುವ ದಳ ಅದು. ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಊರಿಗೆ ಬಂದ ವರ್ಷ ಅವನಿಗೆ ತುಮಕೂರು ಕಡೆಯ ಒಂದು ಖಾಸಗಿ ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲು ಸಿಕ್ಕಿತು. ರಾಗಿ, ತೊಗರಿ, ಪಶು ಆಹಾರದ ಮೂಟೆಗಳನ್ನು ಇಡುವ ಜಾಗ. ಒಂದು ಭಾನುವಾರ ಬೆಳಗ್ಗೆ ಪಾಳಿ ಮುಗಿಸಿ ನೇರ ನಮ್ಮ ಮನೆಗೇ ಬಂದ. ಕಾಫಿ ಕುಡಿಯುತ್ತ ಕೂತಾಗ ನಾನು ಯಾವ ಉದ್ದೇಶವೂ ಇಲ್ಲದೆ ಕೇಳಿದೆ, "ಅಲ್ಲಿ ನೀನು ಏನು ಕೆಲಸ ಮಾಡ್ತಿದ್ದೆ?"

ಅವನು ಲೋಟ ಕೆಳಗಿಟ್ಟ. "ಇದುವರೆಗೂ ಯಾರೂ ಹಿಂಗೆ ಕೇಳಲಿಲ್ಲ ಮೇಷ್ಟ್ರೇ" ಅಂದ. ಆಮೇಲೆ ಮಾತು ನಿಲ್ಲಲಿಲ್ಲ. ಲಡಾಖಿಗೆ ಹೋಗುವ ಜೋಜಿಲಾ ದಾರಿ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಅದು ಮುಚ್ಚುವ ಮುಂಚೆ, ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ, ಮೇಲಿರುವ ಪಡೆಗಳಿಗೆ ಇಡೀ ಚಳಿಗಾಲದ ದಾಸ್ತಾನು ಸೇರಿಸಿಬಿಡಬೇಕು. ಎಷ್ಟು ಜನಕ್ಕೆ ಎಷ್ಟು ದಿನಕ್ಕೆ ಎಷ್ಟು ಹಿಟ್ಟು, ಬೇಳೆ, ಸೀಮೆಎಣ್ಣೆ, ಹಾಲಿನ ಪುಡಿ. ಹತ್ತು ದಿನ ಹೆಚ್ಚು ಹಿಮ ಬಿದ್ದರೆ ಏನು ಗತಿ. ಯಾವುದು ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ, ಯಾವುದನ್ನು ಗೋಡೆಗೆ ತಾಗಿಸಬಾರದು, ಯಾವ ಮೂಟೆ ಮೊದಲು ಹೊರಗೆ ಹೋಗಬೇಕು. ಲೆಕ್ಕ ತಪ್ಪಿದರೆ ಫೆಬ್ರವರಿಯಲ್ಲಿ ಯಾರೋ ಅರೆಹೊಟ್ಟೆಯಲ್ಲಿ ಕಾವಲು ನಿಲ್ಲಬೇಕಾಗುತ್ತದೆ. ಇದನ್ನೆಲ್ಲ ಅವನು ಕಾಗದವಿಲ್ಲದೆ ಹೇಳಿದ.

"ಈಗ ಗೋದಾಮಿನ ಹೊರಗೆ ನಿಂತಿರ್ತೀನಿ" ಅಂದ ಆಮೇಲೆ. "ಒಳಗೆ ರಾಗಿ ಮೂಟೆ ನೆಲಕ್ಕೇ ಹಾಕವ್ರೆ, ಹಲಗೆ ಇಲ್ಲ. ಹೊಸ ಮಾಲು ಮುಂದೆ, ಹಳೇದು ಹಿಂದೆ. ಹಳೇದಕ್ಕೆ ಹುಳ ಬಿದ್ದಿದೆ, ವಾಸನೆ ಬಾಗ್ಲಿಗೇ ಬರ್ತದೆ. ನನ್ ಕೆಲಸ ಬೀಗ ನೋಡ್ಕೊಳೋದು."

ಆ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ಗೋದಾಮಿನ ಒಳಗಿನ ವಿದ್ಯೆ ಪೂರ್ತಿ ಬಲ್ಲವನನ್ನು ಕೋಲು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದೇವೆ. ನಿಲ್ಲಿಸಿದವರಿಗೆ ದುರುದ್ದೇಶವಿಲ್ಲ. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ, ಅಷ್ಟೇ. ಸೈನ್ಯದಲ್ಲಿ ಕೆಲಸವನ್ನು ಕೇಳಿ ಪಡೆಯುವ ಪದ್ಧತಿಯಿಲ್ಲ, ಅಲ್ಲಿ ಕೆಲಸ ತಾನಾಗಿ ಬರುತ್ತದೆ. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ಅಲ್ಲಿ ಮರ್ಯಾದೆಯಲ್ಲ. ಹೊರಗಿನ ಪ್ರಪಂಚದಲ್ಲಿ ಹೇಳಿಕೊಳ್ಳದವನಿಗೆ ಏನೂ ಬರುವುದಿಲ್ಲ. ಡಿಸ್ಚಾರ್ಜ್ ಪುಸ್ತಕದಲ್ಲಿ ಅವನ ಕೆಲಸದ ಹೆಸರು ಸೈನ್ಯದ ಪರಿಭಾಷೆಯಲ್ಲಿದೆ. ಗೋದಾಮಿನ ಮಾಲೀಕರಿಗೆ ಅದು ಅರ್ಥವಾಗುವುದಿಲ್ಲ, ಕೊನೆಯಲ್ಲಿ ಬರೆದ ‘ನಡತೆ: ಉತ್ತಮ’ ಎಂಬ ಅರ್ಥದ ಸಾಲು ಮಾತ್ರ ಕಾಣುತ್ತದೆ. ನಡತೆ ಒಳ್ಳೆಯವನನ್ನು ಬಾಗಿಲಲ್ಲಿ ನಿಲ್ಲಿಸುವುದು ಸಹಜ ತಾನೇ.

ಕೇಳುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಹಳ್ಳಿಗಳ ಬದಿಯಲ್ಲಿ ನಿಂತ ವೀರಗಲ್ಲುಗಳು ಬಹುಪಾಲು ಮಡಿದವರವು. ಸತ್ತವನ ಮನೆಯವರಿಗೆ ನೆತ್ತರುಕೊಡಗೆಯೆಂದು ಹೊಲ ಬಿಟ್ಟ ಶಾಸನಗಳೂ ಇವೆ. ಬದುಕಿ ಬಂದವನ ಮಾತು ಕಲ್ಲಿನಲ್ಲಿ ಕಾಣುವುದು ಅಪರೂಪ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಅದು ಸಿಗುತ್ತದೆ. ಹತ್ತನೇ ಶತಮಾನದ ನಡುವೆ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಕಾದಾಡಿದ ಮಣಲೇರನಿಗೆ ಒಡೆಯನು ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ಹೆಸರಿನಲ್ಲಿ ಕಲ್ಲು ನಿಂತಿತು. ಯುದ್ಧದಿಂದ ಮರಳಿದವನ ಮನಸ್ಸಿನಲ್ಲಿ ಏನಿದೆಯೆಂದು ಕೇಳಿದ್ದಕ್ಕೆ ಯಾರೂ ಊಹಿಸದ ಉತ್ತರ ಬಂತು. ಕೇಳದಿದ್ದರೆ ಒಂದಷ್ಟು ಹೊನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರೇನೋ.

ನಮ್ಮದೇ ಸೀಮೆಯಲ್ಲಿ ಯುದ್ಧದ ಪ್ರಾಣಿಗಳಿಗೂ ಬೇರೆ ಬಾಳು ಸಿಕ್ಕಿದೆ. ಅಮೃತ್ ಮಹಲ್ ಎತ್ತುಗಳನ್ನು ಮೈಸೂರಿನ ಅರಸರು, ಹೈದರ್, ಟಿಪ್ಪು ಬೆಳೆಸಿದ್ದು ಸೈನ್ಯದ ಸರಕು ಮತ್ತು ತೋಪು ಎಳೆಯುವುದಕ್ಕೆ. ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗದ ಉದ್ದಕ್ಕೂ ಅವಕ್ಕೆಂದೇ ಕಾವಲುಗಳನ್ನು ಬಿಟ್ಟಿದ್ದರು. ಯುದ್ಧದ ಕಾಲ ಹೋಯಿತು. ಅದೇ ತಳಿಯ ವೇಗ, ತಾಳಿಕೆ ಬಲ್ಲ ರೈತರು ಅದನ್ನು ನೊಗಕ್ಕೆ ಕಟ್ಟಿದರು, ಗಾಡಿಗೆ ಹೂಡಿದರು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸುತ್ತಿದ್ದ ಜಾಗ, ಮುಂದೆ ಅಲ್ಲಿ ಹುಟ್ಟಿದ ಕುದುರೆಗಳು ರೇಸಿನಲ್ಲಿ ಓಡಿದವು. ಯಾವ ಪ್ರಾಣಿಯಲ್ಲಿ ಏನು ಗುಣವಿದೆಯೆಂದು ಕಣ್ಣಿಟ್ಟು ನೋಡಿದವರು ಇದ್ದರು. ಮನುಷ್ಯನ ವಿಷಯದಲ್ಲಿ ಅಷ್ಟು ಗಮನ ಕೊಡಲು ನಮಗೆ ಏನು ಅಡ್ಡಿ?

ಅಡ್ಡಿಯಿಲ್ಲದೆ ಬೆಳೆದವರೂ ಇದ್ದಾರೆ. ಕ್ಯಾಪ್ಟನ್ ಗೋಪಿನಾಥ್ ಹೆಸರು ಎಲ್ಲರಿಗೂ ಗೊತ್ತು. ಹಾಸನ ಜಿಲ್ಲೆಯ ಗೊರೂರಿನ ಮೇಷ್ಟ್ರ ಮಗ, ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ 1971ರ ಯುದ್ಧ ಕಂಡು, ಎಂಟು ವರ್ಷದ ಸೇವೆಯ ನಂತರ ಮೂವತ್ತು ತುಂಬುವ ಮೊದಲೇ ಸೈನ್ಯ ಬಿಟ್ಟು ಬಂದರು. ಆ ಹೊತ್ತಿಗೆ ಹೇಮಾವತಿ ಅಣೆಕಟ್ಟೆಯಲ್ಲಿ ಮನೆತನದ ಜಮೀನು ಮುಳುಗಿತ್ತು. ಬದಲಿಗೆ ಜಾವಗಲ್ ಬಳಿ ಸಿಕ್ಕ ಬರಡು ಭೂಮಿಯಲ್ಲಿ ಗುಡಾರ ಹಾಕಿ ಬೇಸಾಯಕ್ಕೆ ಇಳಿದರು, ರೇಷ್ಮೆ ಬೆಳೆದರು. ಆ ಬೇಸಾಯಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮಾರನೇ ವರ್ಷ, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ ಗೆಳೆಯನೊಡನೆ ಡೆಕ್ಕನ್ ಏವಿಯೇಷನ್ ಆರಂಭವಾಯಿತು. 2003ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನಯಾನ ಸಂಸ್ಥೆ. ಗೊರೂರಿನಲ್ಲಿ ಅವರ ಹೊಲ ಮುಳುಗಿಸಿದ ಅದೇ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ನಮ್ಮ ಗುಬ್ಬಿ ತಾಲೂಕಿಗೂ ಬರುತ್ತದೆ, ನಮ್ಮ ತೆಂಗು ಅಡಿಕೆಗೆ ಅದೇ ಆಸರೆ. ಗೋಪಿನಾಥರ ಕಥೆಯನ್ನು ಕೇಳಿದಾಗ ನನಗೆ ಹೆಮ್ಮೆಯಾಗುತ್ತದೆ. ಆದರೆ ಅದನ್ನು ಹವಾಲ್ದಾರನ ಮುಂದೆ ಹಿಡಿದು ‘ನೋಡು, ನೀನೂ ಹಾಗಾಗು’ ಎನ್ನುವುದು ಸಲ್ಲದು. ಅವರು ಅಧಿಕಾರಿ, ಇಂಗ್ಲಿಷ್ ಬಲ್ಲವರು, ಪಟ್ಟಣದ ಬ್ಯಾಂಕಿನವರ ಎದುರು ಕೂತು ಮಾತಾಡಬಲ್ಲವರು. ನಮ್ಮ ಹುಡುಗನಿಗೆ ನಾಡಕಚೇರಿಯ ಅರ್ಜಿಯೇ ಬೆಟ್ಟ. ಅವನಿಗೆ ಬೇಕಾದ ನೆರವು ಬೇರೆ, ಅದು ಬಹಳ ಹತ್ತಿರದಲ್ಲೇ ಸಿಗುವಂಥದ್ದು.

ನಮ್ಮ ಹೋಬಳಿಯ ಪಂಚಾಯಿತಿಗಳಲ್ಲಿ ನೀರಿನ ಪಂಪು ಸುಟ್ಟರೆ ಮೆಕ್ಯಾನಿಕ್ಕಿಗಾಗಿ ಗುಬ್ಬಿಯ ದಾರಿ ಕಾಯುತ್ತೇವೆ. 1780ರಲ್ಲಿ ಹುಟ್ಟಿ ಇಂದು ಬೆಂಗಳೂರಿನ ಹಲಸೂರು ಕೆರೆಯ ಬದಿಯಲ್ಲಿ ನೆಲೆಸಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ನೀರು ಸರಬರಾಜು, ಸೇತುವೆಯ ಕೆಲಸ ಮಾಡಿ ಬಂದವನು ಪಕ್ಕದ ಬೀದಿಯಲ್ಲೇ ಬೀಡಿ ಅಂಗಡಿಯ ಮುಂದೆ ಪೇಪರು ಓದುತ್ತಿರಬಹುದು. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನಿಗೆ ರಕ್ತ ನಿಲ್ಲಿಸುವುದು ಗೊತ್ತು. ಹಾವು ಕಡಿದಾಗ ಮೊದಲು ಓಡಬೇಕಾದದ್ದು ಆಸ್ಪತ್ರೆಗೇ, ಆದರೆ ಆಂಬುಲೆನ್ಸು ಬರುವ ತನಕ ಕಡಿಸಿಕೊಂಡವನನ್ನು ಅಲುಗಾಡದಂತೆ ಮಲಗಿಸಿ ಧೈರ್ಯ ಹೇಳುವ ಕೈ ಅದು. ನಮ್ಮ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಹೆಲಿಕಾಪ್ಟರನ್ನು ಹಿಮದಲ್ಲಿ, ಮರಳಿನಲ್ಲಿ ಕೈಯಿಂದ ಮುಟ್ಟಿ ರಿಪೇರಿ ಮಾಡಿದವರು ಸೈನ್ಯದಿಂದ ಮರಳುವ ದಾರಿಯಲ್ಲೇ ಆ ಕಾರ್ಖಾನೆ ಇದೆ. ಅಂಥವರ ಹೆಸರು ಕಾವಲಿನ ಪಟ್ಟಿಗೆ ಹೋಗುವ ಮುನ್ನ ಕಾರ್ಯಾಗಾರದ ಪಟ್ಟಿಗೆ ಹೋಗಲೆಂದು ನನ್ನ ಆಸೆ.

ಇನ್ನು ಸ್ವಲ್ಪ ಕಾಲದಲ್ಲಿ ಈ ವಿಷಯ ಮತ್ತಷ್ಟು ಹತ್ತಿರ ಬರಲಿದೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಪ್ರತಿ ತಂಡದಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿ ಕಾಯಂ ಆಗುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಮನೆಗೆ. ಪಿಂಚಣಿಯಿಲ್ಲ. ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ‘ಪಿಂಚಣಿ ಬರ್ತದಲ್ಲ’ ಎಂದು ಅವರಿಗೆ ಹೇಳಿ ಮುಂದೆ ನಡೆಯಲು ನಮಗೆ ಆಗುವುದಿಲ್ಲ. ಯೋಜನೆ ಸರಿಯೋ ತಪ್ಪೋ ಎಂಬ ವಾದ ದೆಹಲಿಯಲ್ಲಿ ನಡೆಯಲಿ. ಹುಡುಗ ಬಂದು ಇಳಿಯುವುದು ಮಾತ್ರ ನಮ್ಮ ಬಸ್‌ಸ್ಟಾಂಡಿನಲ್ಲಿ. ಆ ಹಣ ಒಂದು ಕಾರಿಗೋ, ಅಕ್ಕನ ಮದುವೆಗೋ ಆರು ತಿಂಗಳಲ್ಲಿ ಕರಗಿಹೋಗುವ ಮೊದಲು ಅವನ ಜೊತೆ ಕೂತು ಮಾತಾಡುವ ಹಿರಿಯರು ಊರಲ್ಲಿ ಇರಬೇಕು. ಆ ಹಿರಿಯರಾಗಲು ಇಪ್ಪತ್ತು ವರ್ಷದ ಹಿಂದೆ ಹೋಗಿ ಬಂದ ಹವಾಲ್ದಾರರಿಗಿಂತ ಯೋಗ್ಯರು ಯಾರಿದ್ದಾರೆ?

ನನ್ನ ಹವಾಲ್ದಾರ ಈಗಲೂ ಆ ಗೋದಾಮಿನಲ್ಲೇ ಇದ್ದಾನೆ. ಆ ಭಾನುವಾರದ ನಂತರ ಅವನು ಧೈರ್ಯ ಮಾಡಿ ಮ್ಯಾನೇಜರ ಹತ್ತಿರ ಹಲಗೆಯ ವಿಷಯ, ಹಳೇ ಮಾಲಿನ ವಿಷಯ ಹೇಳಿದ. ಅವರಿಗೆ ಮೊದಲು ಸಿಟ್ಟು ಬಂತು, ಕಾವಲಿನವನಿಗೆ ಇದೆಲ್ಲ ಯಾಕೆ ಎಂದರು. ಮಳೆಗಾಲದಲ್ಲಿ ನೆಲದ ಸಾಲಿನ ಮೂಟೆಗಳು ತೇವ ಹೀರಿ ಮುಗ್ಗಿದ ಮೇಲೆ ಕರೆದು ದಾಸ್ತಾನಿನ ಪುಸ್ತಕ ಕೈಗೆ ಕೊಟ್ಟರು. ಸಂಬಳ ಇನ್ನೂ ಕಾವಲಿನದೇ. ಅದನ್ನು ಕೇಳುವುದನ್ನು ಅವನಿನ್ನೂ ಕಲಿಯಬೇಕಾಗಿದೆ, ನಾನೂ ಬೆನ್ನು ಹತ್ತಿದ್ದೇನೆ.

ಹೋದ ತಿಂಗಳು ಅವನ ಅಕ್ಕನ ಮಗ, ಅಗ್ನಿವೀರನಾಗಿರುವವನು, ರಜೆಯ ಮೇಲೆ ಬಂದಿದ್ದ. ನಾನು ಅಲ್ಲಿದ್ದಾಗಲೇ ಹವಾಲ್ದಾರ ಅವನನ್ನು ಕರೆದು ಕೇಳಿದ, "ಅಲ್ಲಿ ನಿಂಗೆ ಏನು ಕೆಲಸ ಕೊಟ್ಟವ್ರೆ?"

"ಜನರೇಟರ್ ನೋಡ್ಕೊತೀನಿ ಮಾವ."

"ಎಷ್ಟು ಕೆವಿಎದು? ಸರ್ವಿಸ್ ಯಾರು ಮಾಡೋದು?"

ಹುಡುಗ ಹೇಳತೊಡಗಿದ. ಫಿಲ್ಟರು, ಆಯಿಲ್ಲು, ಚಳಿಗೆ ಡೀಸೆಲ್ ಗಟ್ಟಿಯಾದರೆ ಏನು ಮಾಡುವುದು, ಲೋಡು ಹಂಚುವುದು. ಹವಾಲ್ದಾರ ಒಳಗೆ ಹೋಗಿ ಮಗಳ ನೋಟ್‌ಬುಕ್ಕೊಂದನ್ನು ತಂದು ಅವನ ಮುಂದಿಟ್ಟ.

"ಈಗ ಹೇಳಿದ್ದನ್ನೆಲ್ಲ ಕನ್ನಡದಾಗೆ ಬರಿ. ವಾಪಸ್ ಹೋದ್ಮೇಲೂ ವಾರಕ್ಕೊಂದ್ಸಲ ಬರೀಬೇಕು. ಒತ್ತಕ್ಷರ ತಪ್ಪಿದ್ರೆ ಮೇಷ್ಟ್ರು ತಿದ್ತಾರೆ."

ಹುಡುಗ ಅಲ್ಲೇ ಕೂತು ಎರಡು ಪುಟ ಬರೆದ. ನಾನು ನಾಲ್ಕು ಕಡೆ ತಿದ್ದಿದೆ. ‘ಇಂಜೆಕ್ಟರ್’ ಸರಿಯಾಗೇ ಬರೆದಿದ್ದ.